ಹತ್ತು ಹಸುಗೆ ಹೊಸ ಕೊಟ್ಟಿಗೆ: ಪಾಯ ತೆಗೆಯೋಕೆ ಮುಂಚೆ ನಕ್ಷೆ ನೋಡಿ ಹೇಳಿ

ಬದುವಿನಹುಲ್ಲು
ನಮಸ್ಕಾರ ಎಲ್ರಿಗೂ. ಹೊಲದಲ್ಲಿ ಹೊಸ ಕೊಟ್ಟಿಗೆ ಕಟ್ಟೋಕೆ ಹೊರಟಿದೀವಿ. ಆರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಕ್ರಾಸ್, ಎರಡು ಜೆರ್ಸಿ ಇದಾವೆ, ಕರುಗಳು ಬೇರೆ. ಹತ್ತು ಕರೆಯೋ ಹಸುಗೆ ಅಂತ ಲೆಕ್ಕ ಹಾಕಿದೀವಿ, ಮುಂದೆ ಇಪ್ಪತ್ತಕ್ಕೆ ಏರಿಸೋ ಆಸೆ ಇದೆ. ಈಗ ಅಂದ್ಕೊಂಡಿರೋದು ಇಷ್ಟು. 40 ಅಡಿ ಉದ್ದ 20 ಅಡಿ ಅಗಲ, ಎರಡು ಸಾಲು, ಸಾಲಿಗೆ ಐದು, ಬಾಲಕ್ಕೆ ಬಾಲ ಬರೋ ಹಾಗೆ, ಮಧ್ಯ ಓಡಾಡೋ ದಾರಿ, ಉಳಿದ ಉದ್ದದಲ್ಲಿ ಕರುಗಳು. ಮೂರು ಕಡೆ ಮಾಡಿನ ತನಕ ಗೋಡೆ, ಮುಂದೆ ಗೇಟು. ಮೇಲೆ ತಗಡು ಶೀಟು, ಎತ್ತರ 9 ಅಡಿ. ನೆಲ ಪೂರ್ತಿ ಕಾಂಕ್ರೀಟು, ಮೇಲೆ ನುಣ್ಣಗೆ ಸಿಮೆಂಟ್ ಪಾಲಿಶ್, ತೊಳೆಯೋಕೆ ಸುಲಭ ಅಂತ. ಹುಲ್ಲಿನ ಕೋಣೆ ಕೊಟ್ಟಿಗೆಗೆ ಅಂಟಿಕೊಂಡೇ ಇರುತ್ತೆ. ಮೇಸ್ತ್ರಿ ಬರೋ ವಾರ ದಾರ ಹಾಕ್ತೀನಿ ಅಂತಿದಾರೆ. ಏನಾದ್ರೂ ತಪ್ಪಿದ್ರೆ ಈಗ್ಲೇ ಹೇಳ್ಬಿಡಿ, ಆಮೇಲೆ ಒಡೆಯೋಕಾಗಲ್ಲ.

ಹಸಿಮೇವು
ಮೇಸ್ತ್ರಿಗೆ ಒಂದೆರಡು ವಾರ ತಡೀರಿ ಅನ್ನಿ ಮೊದ್ಲು 🙏

ಗೋದಲಿ
ನೆಲ ನುಣ್ಣಗೆ ಬೇಡ. ಬೇಡವೇ ಬೇಡ. ಮಿಕ್ಕಿದ್ದು ಆಮೇಲೆ ಬರೀತೀನಿ.

ಸಿವಿಲ್_ಮೇಷ್ಟ್ರು
ಅಣ್ಣ, ಅಗಲ ಕೂಡಿ ನೋಡಿದೀರಾ? ಬಾಲಕ್ಕೆ ಬಾಲ ಅಂದ್ರೆ ಮಧ್ಯದ ದಾರಿ 5 ಅಡಿ, ಎರಡೂ ಕಡೆ ಗಂಜಲದ ಕಾಲುವೆ ಒಂದೊಂದು ಅಡಿ, ಹಸು ನಿಲ್ಲೋ ಜಾಗ ಐದೂವರೆ ಐದೂವರೆ, ಗೋದಲಿ (ಹಸು ಮೇವು ತಿನ್ನೋ ತೊಟ್ಟಿ) ಎರಡೂವರೆ ಎರಡೂವರೆ, ಮೇವು ಹಾಕೋಕೆ ಗೋದಲಿ ಮುಂದೆ ಮೂರು ಮೂರು ಅಡಿ. ಎಲ್ಲಾ ಕೂಡಿದ್ರೆ 29 ಅಡಿ ಆಯ್ತು. ನಿಮ್ಮ 20ರಲ್ಲಿ ಎರಡು ಸಾಲು ಕೂರಿಸೋಕೆ ಹೋದ್ರೆ ಒಂದೋ ಹಸು ಕಾಲುವೆಯಲ್ಲಿ ನಿಲ್ಲುತ್ತೆ, ಇಲ್ಲಾ ಮೇವು ಹಾಕೋರು ಹಸುವಿನ ಪಕ್ಕ ನುಸುಳಿಕೊಂಡು ಹೋಗ್ಬೇಕು. ಒಂದೇ ಸಾಲಿಗೆ ಲೆಕ್ಕ ಹಾಕಿ, ಮೇವಿನ ದಾರಿ ಮೂರೂವರೆ, ಗೋದಲಿ ಎರಡೂವರೆ, ನಿಲ್ಲೋ ಜಾಗ ಐದೂವರೆ, ಕಾಲುವೆ ಒಂದು, ಹಿಂದೆ ನಾಲ್ಕು, ಹದಿನಾರೂವರೆ ಅಡಿ ಸಾಕು. ಹಸುಗೆ 4 ಅಡಿ ಅಗಲದಂತೆ ಹತ್ತಕ್ಕೆ ಸರಿಯಾಗಿ 40 ಅಡಿ. ಅಂದ್ರೆ ನಿಮ್ಮ ಅಳತೆ ಒಂದು ಸಾಲಿಗೆ ಹೇಳಿ ಮಾಡಿಸಿದ್ದು. ಹನ್ನೆರಡು ಹದಿನಾರು ಹಸು ಒಳಗಿದ್ರೆ ಒಂದೇ ಸಾಲು ಅಂತ್ಲೇ ಪುಸ್ತಕಗಳಲ್ಲೂ ಹೇಳೋದು. ಆದ್ರೆ ಕರುಗಳಿಗೆ ಬೇರೆ ಜಾಗ ನೋಡ್ಬೇಕಾಗುತ್ತೆ.

ಬದುವಿನಹುಲ್ಲು
ಅಯ್ಯೋ 29 ಆಗುತ್ತಾ! ಗೋದಲಿ ಮುಂದಿನ ಜಾಗ ಲೆಕ್ಕಕ್ಕೇ ತಗೊಂಡಿರ್ಲಿಲ್ಲ ಮೇಸ್ತ್ರಿ. ಒಂದು ಸಾಲು ಮಾಡಿದ್ರೆ ಇಪ್ಪತ್ತು ಹಸು ಆದಾಗ ಏನು ಮಾಡೋದು ಮೇಷ್ಟ್ರೇ?

ಸಿವಿಲ್_ಮೇಷ್ಟ್ರು
ಉದ್ದಕ್ಕೆ ಬೆಳೆಸಿ, ಅಥವಾ ಮೇವಿನ ದಾರಿಯ ಆ ಕಡೆ ಇನ್ನೊಂದು ಸಾಲು ಎದುರುಬದುರು ಬರೋ ಹಾಗೆ ಈಗ್ಲೇ ಜಾಗ ಬಿಡಿ. ಎರಡನೇದು ಮಾಡೋದಾದ್ರೆ ಮೇವಿನ ದಾರಿ 5 ಅಡಿ ಇಟ್ಟುಬಿಡಿ, ಕೈಗಾಡಿ ತಿರುಗುತ್ತೆ. ಆ ಕಡೆ ಗೋಡೆ ಕಟ್ಟಬೇಡಿ, ಬರೀ ಕಂಬ ನಿಲ್ಸಿ. ನಾಳೆ ಆ ಕಂಬದಿಂದಲೇ ಇನ್ನೊಂದು ಮಾಡು ಇಳಿಸಬಹುದು.

ನಸುಕು
ಎದುರುಬದುರು ಬೇಡ ಅನ್ನೋದು ನನ್ನ ಅಭಿಪ್ರಾಯ. ಮುಖಕ್ಕೆ ಮುಖ ಇದ್ರೆ ಒಂದಕ್ಕೆ ಕೆಮ್ಮು ಬಂದ್ರೆ ಎಲ್ಲಕ್ಕೂ ಬರುತ್ತೆ. ಬಾಲಕ್ಕೆ ಬಾಲ ಇದ್ರೆ ಕರೆಯೋದು, ಸಗಣಿ ಬಾಚೋದು ಎಲ್ಲಾ ಒಂದೇ ದಾರೀಲಿ ಮುಗಿಯುತ್ತೆ. ದಿನದ ಕೆಲಸದಲ್ಲಿ ಮುಕ್ಕಾಲು ಪಾಲು ಹಸುವಿನ ಹಿಂದೇನೇ ಇರೋದು.

ಹಸಿಮೇವು
ಹಿಂದೆ ಕೆಲಸ ಜಾಸ್ತಿ ನಿಜ ನಸುಕು ಅವ್ರೇ, ಆದ್ರೆ ಮೇವಿನ ಭಾರ ನೋಡಿ. ಎಚ್‌ಎಫ್ ಒಂದಕ್ಕೆ ದಿನಕ್ಕೆ ಮೂವತ್ತು ಕೆಜಿ ಮೇಲೆ ಹಸಿ ಮೇವು ಹೊರಬೇಕು. ಮಧ್ಯ ಒಂದೇ ದಾರೀಲಿ ಎರಡೂ ಕಡೆ ಹಾಕ್ಕೊಂಡು ಹೋಗೋದು ಎಷ್ಟು ಸುಲಭ. ಗಾಳಿ ಚೆನ್ನಾಗಿ ಆಡೋ ಕೊಟ್ಟಿಗೆ ಆದ್ರೆ ಕೆಮ್ಮಿನ ಭಯ ಕಮ್ಮಿ. ಮುಚ್ಚಿದ ಕೊಟ್ಟಿಗೆಯಲ್ಲಿ ಯಾವ ಸಾಲು ಮಾಡಿದ್ರೂ ಕೆಮ್ಮು ಬರುತ್ತೆ.

ಗೋದಲಿ
ಈಗ ಕೂತು ಬರೀತಾ ಇದೀನಿ. ಎಲ್ರೂ ಕಂಬ, ಶೀಟು, ಅಗಲ ಅಂತ ಹೊರಗಿನಿಂದ ಒಳಗೆ ಬರ್ತಾರೆ. ಹಸುವಿಂದ ಶುರು ಮಾಡಿ. ಹಸು ಮಲಗಿ ಏಳೋದನ್ನ ಒಂದ್ಸಲ ಪಕ್ಕದಲ್ಲಿ ಕೂತು ಪೂರ್ತಿ ನೋಡಿ. ಮೊದಲು ಹಿಂಗಾಲು ಎತ್ತುತ್ತೆ, ಮುಂದೆ ಇನ್ನೂ ಮಂಡಿ ಮೇಲೇ ಇರುತ್ತೆ, ಆ ಭಾರ ಎತ್ತೋಕೆ ತಲೆ ಕುತ್ತಿಗೆ ಎಲ್ಲಾ ಮುಂದಕ್ಕೆ ಚಾಚುತ್ತೆ, ಎರಡು ಮೂರು ಅಡಿ ಚಾಚುತ್ತೆ. ಅಲ್ಲಿ ನೀವು ಎತ್ತರದ ಗೋಡೆ ಇಟ್ರೆ ಅದು ಏಳೋದು ಹೇಗೆ? ನಾವು ತಗೊಂಡ ಜಮೀನಲ್ಲಿ ಮೊದಲೇ ಒಂದು ಕೊಟ್ಟಿಗೆ ಇತ್ತು, ಗೋದಲಿಯ ಹಸು ಕಡೆ ಗೋಡೆ ನನ್ನ ಸೊಂಟದ ತನಕ. ಅಲ್ಲಿ ಕಟ್ಟಿದ ಹಸು ನಾಯಿ ಹಾಗೆ ಮುಂದೆ ಮೊದಲು ಎದ್ದು ಕೂತು ಆಮೇಲೆ ಹಿಂದೆ ಎತ್ತುತ್ತಿತ್ತು, ಅರ್ಧಕ್ಕೆ ಎದ್ದು ಮತ್ತೆ ಕುಸೀತಿತ್ತು. ಮಂಡಿ ಎರಡೂ ಊದಿ ಕೂದಲು ಉದುರಿ ಕೆಂಪಗೆ. ಆ ಗೋಡೆ ಒಂದೂವರೆ ಅಡಿಗೆ ಇಳಿಸಿದ ಮೇಲೆ ಸರಿಯಾಗಿ ಏಳೋಕೆ ಶುರು ಮಾಡ್ತು.

ಗೋದಲಿ ತಳ ಹಸುವಿನ ಕಾಲಿನ ಮಟ್ಟಕ್ಕಿಂತ ನಾಲ್ಕಾರು ಇಂಚು ಮೇಲಿರಲಿ, ಅಷ್ಟೇ. ತಲೆ ಬಗ್ಗಿಸಿ ತಿಂದ್ರೆ ಜೊಲ್ಲು ಜಾಸ್ತಿ ಬರುತ್ತೆ, ಅದು ಹೊಟ್ಟೆಗೆ ಒಳ್ಳೇದು, ಹುಳಿ ಏರಲ್ಲ. ತಳದ ಮೂಲೆಗಳನ್ನ ಗುಂಡಗೆ ಮಾಡಿಸಿ, ಚೌಕ ಮೂಲೆಯಲ್ಲಿ ಹಳೇ ಮೇವು ಕೂತು ಬೂಸ್ಟು ಹಿಡಿಯುತ್ತೆ. ನುಣ್ಣಗೆ ಮಾಡ್ಸೋದಿದ್ರೆ ಗೋದಲಿ ಒಳಗೆ ಮಾಡ್ಸಿ, ಟೈಲ್ಸ್ ಹಾಕಿದ್ರೂ ಆಯ್ತು. ಸಿಮೆಂಟನ್ನ ಮೇವಿನ ಹುಳಿ ತಿಂದುಬಿಡುತ್ತೆ. ಕಾಲಿಡೋ ಜಾಗ ಮಾತ್ರ ಒರಟಾಗಿರಬೇಕು.

ಪಶುವೈದ್ಯೆ
ಗೋದಲಿ ಅವರು ಹೇಳಿದ್ದಕ್ಕೆ ನನ್ನದೂ ಒಂದು ಸಹಿ. ನುಣುಪು ನೆಲದಲ್ಲಿ ಜಾರಿ ತೊಡೆ ಸಂದು ಹರಿದ ಹಸುಗಳನ್ನ ನೋಡಿ ಸಾಕಾಗಿದೆ. ಹಿಂಗಾಲು ಎರಡೂ ಪಕ್ಕಕ್ಕೆ ಸರಿದು ಬಿದ್ರೆ ಎಷ್ಟೋ ಹಸು ಮತ್ತೆ ಏಳೋದೇ ಇಲ್ಲ. ಕಾಂಕ್ರೀಟ್ ಹಸಿ ಇರುವಾಗ್ಲೇ ಒಂದು ಸೆಂಟಿಮೀಟರ್ ಅಗಲ, ಅಷ್ಟೇ ಆಳದ ಗೀರು ಎಳೆಸಿ, ಗೀರಿಂದ ಗೀರಿಗೆ ಮೂರು ನಾಲ್ಕು ಇಂಚು. ಗೀರಿನ ಅಂಚು ಚೂಪಾಗಿ ನಿಲ್ಲದ ಹಾಗೆ ಉಜ್ಜಿಸಿ, ಇಲ್ಲಾಂದ್ರೆ ಗೊರಸಿನ ಅಡಿ ಸವೆಯುತ್ತೆ.

ಹಸು ದಿನಕ್ಕೆ ಹನ್ನೆರಡು ಗಂಟೆ ಮಲಗಬೇಕು, ಹದಿನಾಲ್ಕಾದ್ರೂ ಸಂತೋಷ. ಒಂದು ಲೀಟರ್ ಹಾಲಿಗೆ ಕೆಚ್ಚಲಲ್ಲಿ 400ರಿಂದ 500 ಲೀಟರ್ ರಕ್ತ ಓಡಾಡ್ಬೇಕು, ಮಲಗಿದಾಗ ಅದು ಚೆನ್ನಾಗಿ ಓಡುತ್ತೆ. ಮಲಗೋ ಜಾಗ ಸರಿ ಇದೆಯಾ ಅಂತ ತಿಳಿಯೋಕೆ ನೀವೇ ಅಲ್ಲಿ ನಿಂತು ಮಂಡಿ ಊರಿ ಬೀಳಿ. ನೋವಾದ್ರೆ ಹಸುಗೂ ನೋವೇ. ಎದ್ದಾಗ ಪ್ಯಾಂಟಿನ ಮಂಡಿ ಒದ್ದೆ ಆಗಿದ್ರೆ ಕೆಚ್ಚಲೂ ಒದ್ದೆ ಆಗ್ತಿದೆ ಅಂತ ಅರ್ಥ, ಕೆಚ್ಚಲು ಬಾವು ಅಲ್ಲಿಂದಲೇ ಶುರು.

ಹೊಸಬ
ರಬ್ಬರ್ ಮ್ಯಾಟ್ ಹಾಕಿದ್ರೆ ಆಗಲ್ವಾ ಮೇಡಂ? ಎಲ್ಲಾರೂ ಅದೇ ಹಾಕ್ತಾರೆ.

ಪಶುವೈದ್ಯೆ
ಹಾಕಬಹುದು, ಬರೀ ಕಾಂಕ್ರೀಟ್‌ಗಿಂತ ಎಷ್ಟೋ ವಾಸಿ. ಆದ್ರೆ ಮ್ಯಾಟ್ ಅಡಿಯಲ್ಲಿ ಗಂಜಲ ಇಳಿದು ಕೂರುತ್ತೆ, ಆಗಾಗ ಎತ್ತಿ ತೊಳೆದು ಒಣಗಿಸಬೇಕು, ತುಂಬಾ ಜನ ಅದನ್ನ ಮಾಡಲ್ಲ. ಮ್ಯಾಟ್ ಮೇಲೂ ಸ್ವಲ್ಪ ಒಣ ಹುಲ್ಲೋ ಮರದ ಹೊಟ್ಟೋ ಉದುರಿಸಿ.

ತಿಪ್ಪೆಗುಂಡಿ
ನೆಲದ ವಾಟದ ಬಗ್ಗೆ ಯಾರೂ ಮಾತಾಡ್ಲಿಲ್ಲ. ಗೋದಲಿಯಿಂದ ಕಾಲುವೆ ಕಡೆಗೆ ಐದೂವರೆ ಆರು ಅಡಿಗೆ ಒಂದೂವರೆ ಇಂಚು ಇಳಿದ್ರೆ ಸಾಕು. ಬೇಗ ನೀರು ಓಡ್ಲಿ ಅಂತ ಮೂರು ನಾಲ್ಕು ಇಂಚು ಇಳಿಸ್ತಾರೆ, ಅದು ಗಬ್ಬದ ಹಸುಗೆ ಒಳ್ಳೇದಲ್ಲ.

ಪಶುವೈದ್ಯೆ
ನೂರಕ್ಕೆ ನೂರು ನಿಜ. ತುಂಬು ಗಬ್ಬದ ಹಸು ಹಿಂದಕ್ಕೆ ಜಾರೋ ಇಳಿಜಾರಲ್ಲಿ ಮಲಗಿದ್ರೆ ಹೊಟ್ಟೆ ಭಾರ ಎಲ್ಲಾ ಹಿಂದಕ್ಕೇ ಬೀಳುತ್ತೆ, ಮೈ (ಯೋನಿಯ ಒಳಭಾಗ) ಹೊರಗೆ ಬರೋ ತೊಂದ್ರೆ ಇರೋ ಹಸುಗೆ ಅದು ಇನ್ನೂ ಜಾಸ್ತಿ ಆಗುತ್ತೆ.

ಬದುವಿನಹುಲ್ಲು
ಇಷ್ಟೆಲ್ಲಾ ಇದೆಯಾ! ಪಾಲಿಶ್ ಕ್ಯಾನ್ಸಲ್, ಒಂದು ಸಾಲು ಖಚಿತ. ಮಾಡಿನ ಬಗ್ಗೆ ಹೇಳಿ, 9 ಅಡಿ ತಗಡು ಸಾಕಾ? ಮತ್ತೆ ದಿಕ್ಕು ಯಾವುದು ಇಡ್ಬೇಕು?

ನಸುಕು
ಉದ್ದ ಪೂರ್ವ ಪಶ್ಚಿಮ. ಅದರಲ್ಲಿ ಎರಡನೇ ಮಾತಿಲ್ಲ.

ಎಮ್ಮೆಗುಂಪು
ಎರಡನೇ ಮಾತು ಇದೆ ನಸುಕು ಅವ್ರೇ. ಬಿಸಿಲು ಜಾಸ್ತಿ ಇರೋ ಕಡೆ, ಹಸು ದಿನವೆಲ್ಲಾ ಮಾಡಿನಡೀಲೇ ಕಟ್ಟಿರೋ ಕಡೆ ಪೂರ್ವ ಪಶ್ಚಿಮ ಸರಿ, ಬೆಳಗ್ಗೆ ಸಂಜೆಯ ಬಿಸಿಲು ಕಿರಿದಾದ ತುದಿಗೆ ಮಾತ್ರ ಹೊಡೆಯುತ್ತೆ, ಮಧ್ಯಾಹ್ನದ್ದು ಮಾಡಿನ ಮೇಲೇ ಉಳಿಯುತ್ತೆ. ಆದ್ರೆ ಮಣ್ಣಿನ ನೆಲ, ಬಿಟ್ಟು ಸಾಕೋದು, ತೇವ ಆರದ ಜಾಗ ಅಂತಾದ್ರೆ ಉತ್ತರ ದಕ್ಷಿಣ ಉದ್ದ ಇಟ್ರೆ ನೆರಳು ಬೆಳಗ್ಗೆ ಒಂದು ಕಡೆ ಸಂಜೆ ಒಂದು ಕಡೆ ಸರಿದು ನೆಲ ಎಲ್ಲಾ ಒಣಗುತ್ತೆ. ಹಸುಗಳೂ ನೆರಳಿನ ಜೊತೆ ಜಾಗ ಬದಲಿಸ್ತಾವೆ, ಒಂದೇ ಕಡೆ ಕೆಸರಾಗಲ್ಲ.

ನಸುಕು
ಕಾಂಕ್ರೀಟ್ ಹಾಕಿ ಕಟ್ಟಿ ಸಾಕೋರಿಗೆ ಆ ಮಾತು ಯಾಕೆ? ಪ್ರಶ್ನೆ ಕೇಳಿದೋರು ಕಟ್ಟೋರು.

ಎಮ್ಮೆಗುಂಪು
ಯಾಕೆ ಕಟ್ಟಬೇಕು ಅನ್ನೋದೇ ನನ್ನ ಪ್ರಶ್ನೆ. ಒಂದು ಹಸುಗೆ ಮಾಡಿನಡೀಲಿ ಮೂರೂವರೆ ಚದರ ಮೀಟರ್, ಬಯಲಲ್ಲಿ ಏಳು ಚದರ ಮೀಟರ್ ಕೊಟ್ಟು ಸುತ್ತ ಬೇಲಿ ಹಾಕಿ ಬಿಟ್ಟುಬಿಡಿ. ಎಮ್ಮೆ ಆದ್ರೆ ನಾಲ್ಕು, ಎಂಟು. ಕಟ್ಟೋ ಕೆಲಸ ಅರ್ಧ ಉಳಿಯುತ್ತೆ, ಬೆದೆಗೆ ಬಂದಿದ್ದು ದೂರದಿಂದಲೇ ಗೊತ್ತಾಗುತ್ತೆ ಯಾಕಂದ್ರೆ ಒಂದರ ಮೇಲೊಂದು ಹತ್ತುತ್ತಾವೆ, ಕಟ್ಟಿದ ಹಸುವಲ್ಲಿ ರಾತ್ರಿ ಬೆದೆ ಬಂದು ಹೋದ್ರೆ ಇಪ್ಪತ್ತೊಂದು ದಿನ ಕಾಯಬೇಕು. ಗೊರಸು ತಾನಾಗೇ ಸವೆಯುತ್ತೆ. ನೀರು ಬೇಕಾದಾಗ ಹೋಗಿ ಕುಡೀತಾವೆ.

ಬದುವಿನಹುಲ್ಲು
ಅಮ್ಮ ಒಪ್ಪಲ್ಲ ಅಣ್ಣ, ಬಿಟ್ರೆ ಗುದ್ದಾಡ್ತಾವೆ ಅಂತಾರೆ. ನಮ್ಮ ದೊಡ್ಡ ಜೆರ್ಸಿ ಇದೆಯಲ್ಲ, ಅದು ಯಾವುದನ್ನೂ ಗೋದಲಿ ಹತ್ರ ಬಿಡಲ್ಲ.

ಎಮ್ಮೆಗುಂಪು
ಅಮ್ಮ ಹೇಳೋದೂ ಸುಳ್ಳಲ್ಲ. ಮೊದಲ ಎರಡು ಮೂರು ದಿನ ಯಾರು ದೊಡ್ಡೋರು ಅಂತ ತೀರ್ಮಾನ ಆಗೋ ತನಕ ಗುದ್ದಾಟ ಇರುತ್ತೆ. ಆಮೇಲೆ ಸುಮ್ಮನಾಗ್ತಾವೆ, ಆದ್ರೆ ಗೋದಲೀಲಿ ಎಲ್ಲಕ್ಕೂ ಒಟ್ಟಿಗೆ ತಿನ್ನೋಷ್ಟು ಉದ್ದ ಇರಬೇಕು, ತಲೆಗೆ ಎರಡೂವರೆ ಅಡಿ. ನೀರಿನ ತೊಟ್ಟಿ ಎರಡು ಬೇರೆ ಬೇರೆ ಕಡೆ ಇರಲಿ, ಒಂದೇ ಇದ್ರೆ ನಿಮ್ಮ ದೊಡ್ಡ ಜೆರ್ಸಿ ಅಲ್ಲೇ ಅಡ್ಡ ನಿಲ್ಲುತ್ತೆ. ಹಿಂಡಿ ಹಾಕೋ ಹೊತ್ತಿಗೆ ಮಾತ್ರ ತಲೆ ಹಿಡಿಯೋ ಕಂಬಿ ಇಟ್ಟು ನಿಲ್ಸಿ. ಇನ್ಮೇಲೆ ಹುಟ್ಟೋ ಕರುಗೆ ಕೊಂಬಿನ ಮೊಳಕೆ ಸಣ್ಣದಿರುವಾಗ್ಲೇ ಡಾಕ್ಟ್ರ ಹತ್ರ ಮರಗಟ್ಟೋ ಮದ್ದು ಕೊಡಿಸಿ ಸುಡಿಸಿಬಿಡಿ.

ಪಶುವೈದ್ಯೆ
ಎರಡು ತಿಂಗಳೊಳಗೆ. ಆಮೇಲೆ ಮೊಳಕೆ ತಲೆಬುರುಡೆಗೆ ಕಚ್ಚಿಕೊಂಡುಬಿಡುತ್ತೆ.

ಸಿವಿಲ್_ಮೇಷ್ಟ್ರು
ಮಾಡಿಗೆ ಬರೋಣ. 9 ಅಡಿ ಅನ್ನೋದು ನಡು ಎತ್ತರವೋ ಅಂಚಿನ ಎತ್ತರವೋ? ಅಂಚೇ 9 10 ಅಡಿ ಇರಲಿ, ನಡು 14ರ ಮೇಲೆ ಹೋಗಲಿ. ತಗಡು ಕಾದಷ್ಟೂ ಅದರ ಝಳ ಹಸುವಿನ ಬೆನ್ನಿಗೆ, ಎತ್ತರ ಇದ್ದಷ್ಟೂ ಕಮ್ಮಿ. ಮೇಲುಗಡೆ ಬಿಳಿ ಬಣ್ಣ ಬಳಿಸಿ. ನಡುವಲ್ಲಿ ಶೀಟು ಸೇರೋ ಜಾಗ ಮುಚ್ಚಬೇಡಿ, ಕಟ್ಟಡದ ಅಗಲ 10 ಅಡಿಗೆ 2 ಇಂಚಿನಂತೆ ಬಾಯಿ ಬಿಡಿ, ನಿಮ್ಮ 20 ಅಡಿಗೆ 4 ಇಂಚು. ಬಿಸಿ ಗಾಳಿ, ಅಮೋನಿಯಾ ಎರಡೂ ಅಲ್ಲಿಂದ ಏಳುತ್ತೆ. ಮಳೆ ಬೀಳುತ್ತೆ ಅನ್ನೋ ಭಯಕ್ಕೆ ಮೇಲೊಂದು ಸಣ್ಣ ಟೋಪಿ ಶೀಟು ಎತ್ತಿ ಕೂರಿಸಿ. ಮೂರು ಕಡೆ ಗೋಡೆ ಬೇಡ. ಮಳೆ ಗಾಳಿ ಹೊಡೆಯೋ ಕಡೆ ಮಾತ್ರ ನಾಲ್ಕು ಅಡಿ ಗೋಡೆ, ಮೇಲೆ ಸುತ್ತಿ ಬಿಡೋ ಪರದೆ. ಮಿಕ್ಕಿದ್ದು ಬಯಲು.

ಹೊಸಬ
ಚಳಿ ಹೊಡೆಯಲ್ವಾ ಮೇಷ್ಟ್ರೇ, ರಾತ್ರಿ ಪೂರ್ತಿ ತೆರೆದಿಟ್ರೆ?

ಗೋದಲಿ
ಮೈ ಒಣಗಿದ್ದು ಹೊಟ್ಟೆ ತುಂಬಿದ್ರೆ ಹಸುಗೆ ಚಳಿ ದೊಡ್ಡ ವಿಷಯವೇ ಅಲ್ಲ. ಒಳಗೆ ದೊಡ್ಡ ಒಲೆ ಇಟ್ಟ ಹಾಗೆ ಅದರ ಹೊಟ್ಟೆ, ಮೇವು ಹುದುಗುವಾಗ ಬಿಸಿ ಬರ್ತಾನೇ ಇರುತ್ತೆ. ಎಚ್‌ಎಫ್‌ಗೆ 25 ಡಿಗ್ರಿ ದಾಟಿದ್ರೇನೇ ಕಷ್ಟ ಶುರು, ನಮಗೆ ಹಿತ ಅನ್ಸೋ ಹೊತ್ತಲ್ಲಿ ಅದು ಆಗ್ಲೇ ಏದುಸಿರು ಬಿಡ್ತಿರುತ್ತೆ. ಚಳಿ ಕರುಗಳಿಗೆ. ಅವಕ್ಕೆ ನೇರ ಗಾಳಿ ಹೊಡೀಬಾರ್ದು, ಮೈ ಮುಚ್ಚೋಷ್ಟು ಹುಲ್ಲು ಹಾಸಬೇಕು.

ಕಬ್ಬಿಣದಕೆಲಸ
ನಾನು ಶೆಡ್ಡು ವೆಲ್ಡಿಂಗ್ ಮಾಡೋನು. ಒಂದು ಮಾತು. ಕಂಬದ ಬುಡ ಸಗಣಿ ಗಂಜಲ ತಾಗೋ ಜಾಗದಲ್ಲಿ ತುಕ್ಕು ಹಿಡಿದು ತಿಂದು ಹೋಗುತ್ತೆ, ಮೇಲೆಲ್ಲಾ ಹೊಸದರ ಹಾಗೆ ಇರುತ್ತೆ, ಬುಡ ಮಾತ್ರ ಕೈಯಲ್ಲಿ ಪುಡಿ ಆಗುತ್ತೆ. ನೆಲದಿಂದ ಒಂದೂವರೆ ಅಡಿ ಕಾಂಕ್ರೀಟ್ ಪೀಠ ಎತ್ತಿ ಅದರ ಮೇಲೆ ಕಬ್ಬಿಣ ಕೂರಿಸಿ. ಪೈಪ್ ಬಾಯಿ ಎಲ್ಲೂ ತೆರೆದಿರಬಾರದು, ಕಂಬಿ ತುದಿಗಳನ್ನ ಉಜ್ಜಿ ಗುಂಡಗೆ ಮಾಡಿಸಿ. ಕೆಚ್ಚಲು ಸೀಳಿದ್ದು ನೋಡಿದೀನಿ, ಬೆರಳಷ್ಟು ಚೂರು ಕಂಬಿಯಿಂದ. ಆಸ್ಬೆಸ್ಟಾಸ್ ಶೀಟು ಯಾರಾದ್ರೂ ಹೇಳಿದ್ರೆ ಬೇಡ ಅನ್ನಿ, ಕೊರೆಯುವಾಗ ಏಳೋ ಧೂಳು ಶ್ವಾಸಕೋಶಕ್ಕೆ ಕ್ಯಾನ್ಸರ್ ತರೋದು.

ತಿಪ್ಪೆಗುಂಡಿ
ಸಗಣಿ ಎಲ್ಲಿಗೆ ಹೋಗುತ್ತೆ ನಿಮ್ಮ ನಕ್ಷೇಲಿ? ದೊಡ್ಡ ಹಸು ಒಂದು ದಿನಕ್ಕೆ 25 30 ಕೆಜಿ ಸಗಣಿ, ಮೇಲೆ ಹತ್ತು ಹದಿನೈದು ಲೀಟರ್ ಗಂಜಲ. ಹತ್ತಕ್ಕೆ ದಿನಾ ಕಾಲು ಟನ್ನು. ಇದನ್ನ ಕೈಗಾಡೀಲಿ ಏರಿ ಮೇಲೆ ತಳ್ಳಿಸ್ತೀರೋ, ತಾನಾಗೇ ಇಳಿಯೋ ಹಾಗೆ ಮಾಡ್ತೀರೋ ಅನ್ನೋದು ಪಾಯ ತೆಗೆಯೋ ದಿನವೇ ಗೊತ್ತಾಗಬೇಕು. ಕೊಟ್ಟಿಗೆ ಎತ್ತರದ ಜಾಗದಲ್ಲಿ, ನೆಲ ಸುತ್ತಲಿನ ಮಣ್ಣಿಗಿಂತ ಒಂದು ಒಂದೂವರೆ ಅಡಿ ಮೇಲೆ. ಗಾಳಿ ಯಾವ ಕಡೆಯಿಂದ ಜಾಸ್ತಿ ಬೀಸುತ್ತೋ ಅದರ ಎದುರು ಕಡೆ ಗುಂಡಿ, ಬಾವಿಯಿಂದ ದೂರ. ಗೋಬರ್ ಗ್ಯಾಸ್ ಹಾಕೋದಿದ್ರೆ 25 ಕೆಜಿ ಸಗಣಿಗೆ ದಿನಕ್ಕೆ ಸುಮಾರು ಒಂದು ಘನ ಮೀಟರ್ ಗ್ಯಾಸ್, ಒಂದು ಮನೆಗೆ ಎರಡು ಘನ ಮೀಟರಿನ ಗುಂಡಿ ಸಾಕು, ಅಂದ್ರೆ ಎರಡು ಹಸುವಿನ ಸಗಣಿ. ಕೊಟ್ಟಿಗೆ ತೊಳೆದ ನೀರೆಲ್ಲಾ ಅದಕ್ಕೆ ಬಿಡಬೇಡಿ, ಸಗಣಿಗೆ ಸಮ ನೀರು ಅಷ್ಟೇ, ತೆಳ್ಳಗಾದ್ರೆ ಗ್ಯಾಸ್ ಬರಲ್ಲ. ಕಾಲುವೇಲಿ ಕವಲು ಮಾಡಿ ಒಂದು ಗುಂಡಿಗೆ, ಒಂದು ನೇರ ಹೊಲಕ್ಕೆ.

ಹಸಿಮೇವು
ತಿಪ್ಪೆಗುಂಡಿ ಅಣ್ಣ, ಗೋಬರ್ ಗ್ಯಾಸಿನ ಸ್ಲರಿ (ಗುಂಡಿಯಿಂದ ಹೊರಬರೋ ಸಗಣಿ ನೀರು) ಹಸಿ ಮೇವಿಗೆ ನೇರ ಬಿಡಬಹುದಾ? ನಮ್ಮದು ನೇಪಿಯರ್ ಹುಲ್ಲು.

ತಿಪ್ಪೆಗುಂಡಿ
ಧಾರಾಳವಾಗಿ. ಕೊಯ್ದ ಮೇಲೆ ಬಿಡಿ, ಕೊಯ್ಯೋಕೆ ಮುಂಚೆ ಬೇಡ.

ನಸುಕು
ಹುಲ್ಲಿನ ಕೋಣೆ ಅಂಟಿಸಿದ್ದನ್ನ ಯಾರೂ ಹೇಳ್ಲಿಲ್ಲ ನೋಡಿ! ಬೆಂಕಿ ಬಿದ್ರೆ ಕಟ್ಟಿರೋ ಹಸು ಓಡೋಕಾಗಲ್ಲ. ಹುಲ್ಲು ಬೇರೆ, ದೂರ. ಒಂದು ದಿನದ ಮೇವು ಮಾತ್ರ ಒಳಗೆ. ಹಗ್ಗದ ಗಂಟು ಒಂದು ಎಳೆತಕ್ಕೆ ಬಿಚ್ಚೋ ಹಾಗಿರಲಿ. ಹಸಿ ಇದ್ದ ಹುಲ್ಲು ಒತ್ತಿ ಜೋಡಿಸಿದ್ರೆ ಒಳಗೇ ಕಾದು ತಾನಾಗೇ ಹತ್ತಿಕೊಳ್ಳುತ್ತೆ, ಬೀಡಿ ಸೇದೋರೇ ಬೇಕಾಗಿಲ್ಲ.

ಗೋದಲಿ
ನಸುಕು ಅವ್ರೇ ಇದಕ್ಕೆ ಹತ್ತು ಲೈಕು. ಇದೊಂದು ವಿಷಯದಲ್ಲಿ ಜಾಗ ಉಳಿಸೋಕೆ ಹೋಗಬಾರದು.

ಬದುವಿನಹುಲ್ಲು
ಅಮ್ಮನ ಜೊತೆ ಕೂತು ಹೊಸದಾಗಿ ಬರೆದಿದೀವಿ ನೋಡಿ. ಒಂದು ಸಾಲು, 44 ಅಡಿ ಉದ್ದ (ನಡುವೆ ಹಿಂದೆ ಮುಂದೆ ಓಡಾಡೋಕೆ 4 ಅಡಿ), 18 ಅಗಲ, ಉದ್ದ ಪೂರ್ವ ಪಶ್ಚಿಮ. ಮಾಡಿನ ಅಂಚು 10, ನಡು ತೆರೆದಿದ್ದು. ಮಳೆ ಕಡೆ ಮಾತ್ರ ಗಿಡ್ಡ ಗೋಡೆ. ಹಿಂದೆ ಬೇಲಿ ಹಾಕಿದ ಬಯಲು, ಕರೆದ ಮೇಲೆ ಅಲ್ಲಿಗೆ ಬಿಡೋದು, ಮೇವಿಗೆ ಮಾತ್ರ ಕಟ್ಟೋದು. ಇದಕ್ಕೆ ಅಮ್ಮ ಒಪ್ಪಿದ್ರು, ದೊಡ್ಡ ಜೆರ್ಸೀನ ಮಾತ್ರ ಕೊನೇಲಿ ಬಿಡ್ಬೇಕಂತೆ. ಹುಲ್ಲು ಹೊಲದ ಆ ತುದಿಗೆ ಹೋಯ್ತು. ಪೂರ್ವದ ತುದೀಲಿ 10 12ರ ಒಂದು ಕೋಣೆ ಕರು ಹಾಕೋ ಹಸುಗೆ, ಪಕ್ಕದಲ್ಲಿ ಕರುಗಳು. ಇನ್ನೇನು ಬಿಟ್ಟಿದೀನಿ?

ಪಶುವೈದ್ಯೆ
ತುಂಬಾ ಚೆನ್ನಾಗಿ ಬಂದಿದೆ. ಕರು ಹಾಕೋ ಕೋಣೇನ ಕಾಯಿಲೆ ಹಸು ಕಟ್ಟೋಕೆ ದಯವಿಟ್ಟು ಬಳಸಬೇಡಿ, ಎಲ್ಲಾರೂ ಖಾಲಿ ಇದೆ ಅಂತ ಅಲ್ಲೇ ಕಟ್ತಾರೆ. ಕಾಯಿಲೆಗೆ ಬೇರೆ ಮೂಲೆ, ಬೇರೆ ಬಕೆಟ್ಟು, ಅಲ್ಲಿಂದ ಬಂದ ನೀರು ಬೇರೆ ಹಸುವಿನ ಕಡೆ ಹರೀಬಾರ್ದು. ಕರುಗಳನ್ನ ಮೊದಲ ವಾರಗಳಲ್ಲಿ ಒಂದೊಂದಾಗಿ ಇಡಿ, 4 ಅಡಿ 6 ಅಡಿ ಜಾಗ ಒಂದಕ್ಕೆ, ಒಂದನ್ನೊಂದು ನೋಡಬಹುದು ಆದ್ರೆ ಹೊಕ್ಕುಳು ಚೀಪೋಕಾಗಬಾರದು. ಮತ್ತೆ ಬಾಗಿಲ ಹತ್ರ ಕಾಲು ಮುಳುಗೋ ಒಂದು ತೊಟ್ಟಿ ಮಾಡಿಸಿ, ಗೊರಸಿನ ಔಷಧಿ ನೀರಿಗೆ.

ಎಮ್ಮೆಗುಂಪು
ಬಯಲಿಗೆ ಹೋಗೋ ಬಾಗಿಲು ಎಷ್ಟು ಅಗಲ? ಒಂದು ಹಸು ನಿಂತ್ರೆ ಹಿಂದಿನದೆಲ್ಲಾ ನಿಲ್ಲುತ್ತೆ. ಹಸು ನೆರಳು ಬೆಳಕಿನ ಗೆರೆ ಕಂಡ್ರೆ ಕಾಲಿಡೋಕೆ ಹೆದರುತ್ತೆ, ಕಾಲುವೆ ಮೇಲಿನ ಜಾಲರಿ, ನೇತಾಡೋ ಸರಪಳಿ, ಎಲ್ಲಾ ಅದಕ್ಕೆ ಹಳ್ಳ ಹಾವಿನ ಲೆಕ್ಕ. ಅಮೇರಿಕದ ಪ್ರಾಣಿ ವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ದನ ಯಾಕೆ ನಿಲ್ಲುತ್ತೆ ಅಂತ ತಿಳಿಯೋಕೆ ಅವು ಹೋಗೋ ದಾರೀಲೇ ಬಗ್ಗಿ ಅವುಗಳ ಕಣ್ಣಿನ ಮಟ್ಟದಲ್ಲಿ ನಡೆದು ನೋಡಿದ್ರು. ದಾರ ಹಾಕಿದ ದಿನ ನೀವೂ ಹಾಗೆ ಒಂದು ಸುತ್ತು ಹಾಕಿ ನೋಡಿ.

ಕಬ್ಬಿಣದಕೆಲಸ
ನೀರಿನ ತೊಟ್ಟಿ ಹತ್ರ ಕರೆಂಟು ಎಳೀತೀರಾ? ಫ್ಯಾನು, ಹಾಲು ಕರೆಯೋ ಮೆಷಿನ್ನು?

ಬದುವಿನಹುಲ್ಲು
ಹೌದು ಎರಡೂ ಇದೆ. ಯಾಕಣ್ಣ?

ಕಬ್ಬಿಣದಕೆಲಸ
ಸಣ್ಣ ಕರೆಂಟು ಕಂಬಿಗೆ ಸೋರಿದ್ರೆ ಚಪ್ಪಲಿ ಹಾಕಿದ ನಮಗೆ ಗೊತ್ತೇ ಆಗಲ್ಲ, ಒದ್ದೆ ನೆಲದ ಮೇಲೆ ನಾಲ್ಕು ಕಾಲಲ್ಲಿ ನಿಂತ ಹಸುಗೆ ಗೊತ್ತಾಗುತ್ತೆ. ತೊಟ್ಟಿ ಹತ್ರ ಬರುತ್ತೆ, ಮೂತಿ ತಾಗಿಸುತ್ತೆ, ತಟ್ಟನೆ ತಲೆ ಎಳ್ಕೊಂಡು ನಿಂತು ನೀರನ್ನೇ ನೋಡುತ್ತೆ. ಬಾಯಾರಿದ್ರೂ ಎರಡು ಗುಟುಕು ನೆಕ್ಕಿ ಹೋಗುತ್ತೆ. ಜನ ನೀರು ಕೆಟ್ಟಿದೆ ಅಂತ ತೊಟ್ಟಿ ತೊಳೀತಾ ಕೂರ್ತಾರೆ.

ಗೋದಲಿ
ನೀರು ಕಮ್ಮಿ ಕುಡಿದ್ರೆ ಹಾಲು ನೆಟ್ಟಗೆ ಇಳಿಯುತ್ತೆ, ಹಾಲಲ್ಲಿ ನೂರಕ್ಕೆ 87 ಪಾಲು ನೀರೇ ತಾನೇ. ಕರೆಯೋ ಎಚ್‌ಎಫ್ ಬಿಸಿಲಿಗೆ ನೂರು ಲೀಟರ್ ಕುಡಿಯುತ್ತೆ.

ಬದುವಿನಹುಲ್ಲು
ಹಾಗಾದ್ರೆ ಕಂಬಿಗೆಲ್ಲಾ ಅರ್ಥಿಂಗ್ ಕೊಟ್ರೆ ಸಾಕಾ?

ಕಬ್ಬಿಣದಕೆಲಸ
ಕಂಬಿಗಷ್ಟೇ ಅಲ್ಲ. ನೆಲದ ಕಾಂಕ್ರೀಟಿನ ಒಳಗಿನ ಕಬ್ಬಿಣದ ಜಾಲರಿ, ತಲೆ ಹಿಡಿಯೋ ಕಂಬಿ, ಕಬ್ಬಿಣದ ತೊಟ್ಟಿ ಇದ್ರೆ ಅದು, ನೀರಿನ ಪೈಪು, ಎಲ್ಲಾ ಒಂದಕ್ಕೊಂದು ಬೆಸೆದು ಒಂದೇ ಅರ್ಥಿಂಗ್‌ಗೆ ಸೇರಿಸ್ಬೇಕು, ಆಗ ಹಸುವಿನ ಮೂತಿಗೂ ಕಾಲಿಗೂ ವೋಲ್ಟೇಜ್ ವ್ಯತ್ಯಾಸ ಇರಲ್ಲ. ಲೈನಿಗೆ ಸೋರಿಕೆ ಆದ್ರೆ ತಾನೇ ಬೀಳೋ ಬ್ರೇಕರ್ ಹಾಕ್ಸಿ. ಮೇಸ್ತ್ರಿ ಕಾಂಕ್ರೀಟ್ ಸುರಿಯೋ ಹಿಂದಿನ ದಿನ ಎಲೆಕ್ಟ್ರಿಷಿಯನ್ ಬಂದು ಜಾಲರಿಗೆ ತಂತಿ ಬೆಸೆದು ಹೊರಗೆ ಎಳೆದಿಟ್ಟು ಹೋಗ್ಬೇಕು, ಅದನ್ನ ಈಗ್ಲೇ ಇಬ್ರಿಗೂ ಹೇಳಿಡಿ.

ಬದುವಿನಹುಲ್ಲು
ಈಗ್ಲೇ ಫೋನ್ ಮಾಡ್ತೀನಿ ಅಣ್ಣ.